ಮುಲ್ಲಾ ಓದದ ಟಗರು

1996ರ ಏಪ್ರಿಲ್ 14, ಭಾನುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತೆ. ಕರೆಂಟು ಹೋಗಿ ತಾಸಿನ ಮೇಲಾಗಿದೆ. ಅಜ್ಜಿ ಪಡಸಾಲೆಯಲ್ಲಿ ಸೆರಗನ್ನು ನೀರಿನಲ್ಲಿ ಅದ್ದಿ ಮುಖದ ಮೇಲೆ ಹಾಕಿಕೊಂಡು ಮಲಗಿದ್ದಾಳೆ. ನಿದ್ದೆ ಹತ್ತಿಲ್ಲ ಎಂದು ಗೊತ್ತು, ಕಾಲಬೆರಳು ಆಡಿಸುತ್ತಿದ್ದಾಳೆ. ಉಣ್ಣುವ ಮೊದಲು ಮತ್ತೆ ಅದನ್ನೇ ಕೇಳಿದಳು.

"ಮುಲ್ಲಾನ ಸುದ್ದಿ ಏನರ ಬಂತೇನಬೇ?"

"ಇಲ್ಲ ಆಯಿ."

"ಬರೀತೀ ಬರೀತೀ, ಹಾಳಿ ತುಂಬ ಬರೀತೀ. ಒಂದು ಮನಶ್ಯಾನ್ನ ಹುಡುಕಾಕ ಬರೂದಿಲ್ಲೇನು ಆ ಬರವಣಗಿಗೆ?"

ಅದಕ್ಕೇ ಇದನ್ನು ಪತ್ರಿಕೆಗೆಂದು ಬರೆಯುತ್ತಿದ್ದೇನೆ.

ದಿನಚರಿ ಬರೆಯುವ ಚಟ ನನಗೆ ಏಳನೆಯ ತರಗತಿಯಿಂದ ಹತ್ತಿದ್ದು. ಮಸ್ಕಿ ಬಸ್ಸು ಎಷ್ಟು ಹೊತ್ತಿಗೆ ಬಂತು, ಕಾಲುವೆಗೆ ನೀರು ಯಾವ ದಿನ ಬಿಟ್ಟರು, ಎಮ್ಮೆ ಯಾವಾಗ ಹಾಲು ನಿಲ್ಲಿಸಿತು, ಇಂಥವೇ. ಅಣ್ಣ ನಗುತ್ತಿದ್ದ: "ಇಕಿ ಪಟವಾರಿ ಮನ್ಯಾಗ ಹುಟ್ಟಬೇಕಾಗಿತ್ತು, ತಪ್ಪಿ ನಮ್ಮ ಮನಿಗೆ ಬಂದಾಳ."

ನಮ್ಮೂರು ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿದೆ. ರಸ್ತೆಯ ಒಂದು ಮಗ್ಗುಲಿಗೆ ಕಾಲುವೆ ಬಂದು ಭತ್ತ ಬೆಳೆಯುತ್ತಾರೆ, ಇನ್ನೊಂದು ಮಗ್ಗುಲಿಗೆ ಇವತ್ತಿಗೂ ಜೋಳ, ಸಜ್ಜೆ. ನಮ್ಮದು ಮಾಂಸ ಉಣ್ಣುವ ಒಕ್ಕಲು ಮನೆ. ಊರಿನಲ್ಲಿ ಅಂಥ ಮನೆಗಳೇ ಹೆಚ್ಚು. ಕೋಳಿಯಾಗಲಿ ಕುರಿಯಾಗಲಿ, ಮುಲ್ಲಾ ದೇವರ ಹೆಸರು ಓದಿ ಕೊಯ್ಯದೆ ನಮ್ಮ ಒಲೆ ಏರುತ್ತಿರಲಿಲ್ಲ. ಓಣಿಯ ಕೊನೆಯಲ್ಲಿ ಸಣ್ಣ ಮಸೀದಿ, ಅದರ ಗೋಡೆಗೆ ಹತ್ತಿಕೊಂಡು ಅವನ ಮನೆ. ಅಲ್ಲಿಗೆ ಹೋಗುವವರು ನಮ್ಮ ಮನೆಯ ಮುಂದೆಯೇ ಹಾಯಬೇಕು. ಭಾನುವಾರ ಮತ್ತು ಹಬ್ಬದ ಮರುದಿನ ಬೆಳಗಾಗುವ ಹೊತ್ತಿಗೆ ನಾನು ಅಂಗಳ ಗುಡಿಸುತ್ತಿದ್ದರೆ, ಬಗಲಲ್ಲಿ ಕೋಳಿ ಅವಚಿಕೊಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಗುಡಿಸುತ್ತಲೇ ಎಣಿಸುವುದು ನನಗೆ ರೂಢಿಯಾಯಿತು.

ಮುಲ್ಲಾನಿಗೆ ಆಗಲೇ ಅರವತ್ತು ದಾಟಿತ್ತು. ಬಿಳಿ ಗಡ್ಡ, ಎಡಗೈಯ ಹೆಬ್ಬೆರಳ ತುದಿ ಇಲ್ಲ. ಹುಡುಗನಾಗಿದ್ದಾಗ ದನಕ್ಕೆ ಜೋಳದ ಕಣಕಿ ಕತ್ತರಿಸಲು ಹೋಗಿ ಕಳೆದುಕೊಂಡದ್ದಂತೆ. ಕೋಳಿಯನ್ನು ತಗೊಂಡವನು ಮೊದಲು ಅದರ ಬಾಯಿಗೆ ಬೆರಳ ತುದಿಯಿಂದ ನೀರು ಬಿಡುತ್ತಿದ್ದ. ಆಮೇಲೆ ಅಂಗೈಯಿಂದ ಅದರ ಕಣ್ಣು ಮುಚ್ಚಿ, ತುಟಿ ಅಲ್ಲಾಡಿದ್ದು ಕಾಣುವಷ್ಟರಲ್ಲಿ ಕೆಲಸ ಮುಗಿಸುತ್ತಿದ್ದ. ಅವನ ಕಟ್ಟೆಯ ಮೇಲೆ ಕೂತವರ ಮಾತು ನಮ್ಮ ಅಂಗಳಕ್ಕೆ ಕೇಳುತ್ತಿತ್ತು.

"ಇದು ಕೋಳಿ ಅಲ್ಲವೋ ಮಾರಾಯಾ, ನಿಮ್ಮಜ್ಜನ ಕಾಲದ್ದು. ಇದಕ್ಕ ನಾ ಕೈ ಮುಗೀಬೇಕು, ಕೊಯ್ಯೂದಲ್ಲ," ಎಂದು ಮುಲ್ಲಾ ಅಂದರೆ, ಕೋಳಿ ತಂದವನು ಬಿಡುತ್ತಿರಲಿಲ್ಲ: "ನಿನಗ ಹಲ್ಲಿಲ್ಲ ಅಂತ ಕೋಳಿ ಮ್ಯಾಲ ಹಾಕಬ್ಯಾಡ ಕಾಕಾ. ಕುದಿಸ್ತೀವಿ ತಗೋ."

ಕುರಿ, ಟಗರು ಇದ್ದರೆ ಅವನೇ ಮನೆಗೆ ಬರುತ್ತಿದ್ದ. ಅವನ ಪಾಲು ಕುತ್ತಿಗೆಯ ತುಂಡು. ಸುಗ್ಗಿಯಲ್ಲಿ ಮನೆಮನೆಯಿಂದ ಒಂದು ಮೊರ ಜೋಳ. ಅದು ಸಂಬಳವೂ ಅಲ್ಲ, ಭಿಕ್ಷೆಯೂ ಅಲ್ಲ. ಕಮ್ಮಾರನಿಗೆ ಬಡಿಗನಿಗೆ ಹೇಗೆ ಕೊಡುತ್ತಿದ್ದರೋ ಹಾಗೆಯೇ.

ಅವನೇ ಯಾಕೆ ಓದಬೇಕು ಎಂದು ಸಣ್ಣವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಅವಳು ಜೋಳ ಹಸನು ಮಾಡುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. "ಜೀವ ತೆಗದ್ರ ಪಾಪ ಬರ್ತೈತಿ. ನಾವು ಹೊತ್ಗೊಳ್ಳಾಕ ಆಗತೈತೇನು? ಮಕ್ಕಳು ಮರಿ ಇರೂ ಮನಿ. ಮುಲ್ಲಾ ಅವರ ದೇವರ ಹೆಸರು ಹೇಳಿ ಆ ಪಾಪ ತನ್ನ ಮ್ಯಾಲ ಹೊತ್ಗೊಂತಾನ. ಅದಕ್ಕ ಅವಗ ಕುತ್ತಿಗಿ ತುಂಡು." ಮುಲ್ಲಾನ ಧರ್ಮದಲ್ಲಿ ಇದು ಹೀಗೇ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮೂರ ಹೆಂಗಸರು ಮಾತ್ರ ಹಾಗೆ ನಂಬಿದ್ದರು. ಅವನು ಒಮ್ಮೆಯೂ ಅಲ್ಲಗಳೆಯಲಿಲ್ಲ.

ಬದಲಾವಣೆ ಯಾವ ದಿನ ಶುರುವಾಯಿತು ಎಂದು ಹಳೆಯ ದಿನಚರಿಗಳನ್ನು ತಿರುವಿ ನೋಡಿದೆ. ಅಂಥ ಒಂದು ದಿನ ಸಿಗಲಿಲ್ಲ. 1989ರಲ್ಲಿ ಕೆಂಪು ಬಟ್ಟೆ ಸುತ್ತಿದ ಇಟ್ಟಿಗೆಯೊಂದು ಜೀಪಿನಲ್ಲಿ ನಮ್ಮೂರಿಗೆ ಬಂತು. ದೂರದ ಊರಿನ ಗುಡಿಗೆ ಅಂದರು. ಅಜ್ಜಿ ಅರಿಶಿನ ಕುಂಕುಮ ಹಾಕಿ ಬಂದಳು. ಮುಲ್ಲಾನೂ ಹಾದಿ ಬದಿಗೆ ನಿಂತು ನೋಡಿದ. ಆ ದಿನ ನಾನು ಬರೆದದ್ದು ಬೆಲ್ಲ, ಪುಟಾಣಿ ಹಂಚಿದರು ಎಂದಷ್ಟೇ.

ಅಣ್ಣ ಆಗ ಸಿಂಧನೂರಿನ ಕಾಲೇಜಿಗೆ ಹೋಗುತ್ತಿದ್ದ. ಅಲ್ಲಿ ಒಂದು ಸಂಘಟನೆ ಸೇರಿದ. ಅವನ ಬಗ್ಗೆ ಕೆಟ್ಟದಾಗಿ ಬರೆಯಲು ನನ್ನ ಕೈ ಏಳುವುದಿಲ್ಲ, ಯಾಕೆಂದರೆ ಮೊದಲ ವರ್ಷ ಅವನು ಮತ್ತು ಅವನ ಗೆಳೆಯರು ಸೇರಿ ಊರ ಬಾವಿಯ ಹೂಳೆತ್ತಿದರು. ನಸುಕಿನಲ್ಲೇ ಎದ್ದು ಸಾಲಾಗಿ ನಿಂತು ವ್ಯಾಯಾಮ ಮಾಡುತ್ತಿದ್ದರು. ನನ್ನನ್ನು ಪಿಯುಸಿಗೆ ಸೇರಿಸು ಎಂದು ಅಪ್ಪನ ಹತ್ತಿರ ಜಗಳ ಮಾಡಿದವನೂ, ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಹೆಸರು ಹಚ್ಚಿದವನೂ ಅವನೇ. ಬರಬರುತ್ತ ಅವನ ಮಾತಿನಲ್ಲಿ 'ಮುಲ್ಲಾ ಕಾಕಾ' ಹೋಗಿ 'ಆ ಮುಲ್ಲಾ' ಬಂತು. ಇನ್ನೂ ಸ್ವಲ್ಪ ದಿನಕ್ಕೆ ಅದೂ ಹೋಗಿ 'ಅವರು' ಆಯಿತು. ಒಬ್ಬನಿಗೆ ಅವರು ಅನ್ನುವುದು ಗೌರವವೆಂದು ಅಜ್ಜಿ ಮೊದಮೊದಲು ಖುಷಿಪಟ್ಟಳು.

1992ರ ಡಿಸೆಂಬರ್‌ನಲ್ಲಿ, ಆ ಇಟ್ಟಿಗೆ ಹೋದ ದೂರದ ಊರಿನಲ್ಲಿ ಮಸೀದಿ ಬಿದ್ದ ಸುದ್ದಿ ರೇಡಿಯೋದಲ್ಲಿ ಬಂತು. ಸಿಂಧನೂರಿನ ಬಸ್ಸುಗಳು ನಿಂತವು, ಕಾಲೇಜು ಮುಚ್ಚಿತು. ನಮ್ಮೂರಲ್ಲಿ ಏನೂ ಆಗಲಿಲ್ಲ. ಒಂದು ಕಲ್ಲು ಕೂಡ ಯಾರೂ ಎತ್ತಲಿಲ್ಲ. ಮುಂದಿನ ಭಾನುವಾರ ಮಾತ್ರ ನಮ್ಮ ಮನೆಯ ಮುಂದೆ ಮೂರೇ ಕೋಳಿ ಹಾದವು. ಅದಕ್ಕೂ ಮೊದಲಿನ ಚಳಿಗಾಲಗಳಲ್ಲಿ ಹನ್ನೆರಡು, ಹದಿನೈದು ಹಾಯುತ್ತಿದ್ದವು. ನನ್ನ ಎಣಿಕೆಯಲ್ಲಿ ಒಂದು ದೋಷವಿದೆ, ಅದನ್ನೂ ಹೇಳಬೇಕು: ಆ ಹೊತ್ತಿಗೆ ಸಿಂಧನೂರಿನಲ್ಲಿ ಫಾರಂ ಕೋಳಿಯ ಅಂಗಡಿಗಳು ಶುರುವಾಗಿದ್ದವು. ಎಷ್ಟು ಕೋಳಿ ಅಂಗಡಿಯಿಂದಾಗಿ ಕಡಿಮೆಯಾದವು, ಎಷ್ಟು ಆ ಸುದ್ದಿಯಿಂದಾಗಿ ಎಂದು ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಮುಲ್ಲಾ ಚೂರಿ ತೊಳೆದಿಟ್ಟುಕೊಂಡು ಬಿಸಿಲು ಕಟ್ಟೆಗೆ ಬರುವತನಕ ಕೂತಿದ್ದು ಆಮೇಲೆ ಒಳಗೆ ಹೋದ. ಅದನ್ನು ನಾನು ಕಂಡದ್ದು.

1993ರ ಫೆಬ್ರವರಿಯಲ್ಲಿ ಲಿಂಗಸುಗೂರಿಗೆ ಒಂದು ಮದುವೆಗೆ ಹೋಗಿದ್ದೆವು, ಅಪ್ಪನ ಕಡೆಯ ಸಂಬಂಧ. ಆ ಮನೆಯ ಪ್ರತಿ ಮದುವೆಗೂ ಅದೇ ಊರಿನ ಸಾಬರ ಬ್ಯಾಂಡು ಬರುತ್ತಿತ್ತು. ಆ ಸಲ ಎಲ್ಲಿಯದೋ ಬೇರೆ ಬ್ಯಾಂಡು, ತಾಳವೇ ಕೂಡುತ್ತಿರಲಿಲ್ಲ. ಅಜ್ಜಿ ಮದುವೆ ಮನೆಯ ಹೆಂಗಸರನ್ನು ಕೇಳಿದಳು. "ಈ ಸಲ ಬ್ಯಾರೆ ಕಡಿ ಹೇಳೀವ್ರಿ," ಅಂದರು. ಯಾಕೆಂದು ಯಾರೂ ಹೇಳಲಿಲ್ಲ. ಆ ಮಾತನ್ನೂ ಸಿಟ್ಟಿನಿಂದ ಹೇಳಲಿಲ್ಲ, ಹಪ್ಪಳ ಬಡಿಸುತ್ತ ಹೇಳಿದರು. ಬಸ್ಸಿನಲ್ಲಿ ಬರುವಾಗ ಅಜ್ಜಿ, "ಬ್ಯಾರೆ ಕಡಿ ಅಂದ್ರ ಯಾವ ಕಡಿ?" ಎಂದು ಎರಡು ಸಲ ಕೇಳಿದಳು. ಅಪ್ಪ ಕಿಟಕಿಯ ಕಡೆ ನೋಡಿದ.

ಅದೇ ತಿಂಗಳು ಗುರುಗುಂಟಾಕ್ಕೆ ಕೊಟ್ಟಿದ್ದ ನಮ್ಮ ಅಕ್ಕನಿಗೆ ಹೆರಿಗೆ ಕಷ್ಟವಾಯಿತು. ಎರಡು ದಿನ ನರಳಿದಳು. ತಾಯಿ ಮಗು ಉಳಿದರೆ ನಮ್ಮೂರ ಹೊಲದ ಸೀಮೆಯಲ್ಲಿರುವ ದೇವಿಗೆ ಒಂದು ಟಗರು ಕೊಡುತ್ತೇನೆಂದು ಅಜ್ಜಿ ಹರಕೆ ಹೊತ್ತಳು. ಇಬ್ಬರೂ ಉಳಿದರು. ಗಂಡು ಮಗು. ಮೇ 11, ಮಂಗಳವಾರ ಹರಕೆ ತೀರಿಸುವುದೆಂದು ನಿಶ್ಚಯವಾಯಿತು.

ಹರಕೆಯ ಟಗರನ್ನು ಎರಡು ದಿನ ಮೊದಲೇ ಮುಲ್ಲಾ ಬಂದು ನೋಡಿ ಹೋಗುವುದು ಪದ್ಧತಿ. ಕಿವಿ ಹರಿದಿರಬಾರದು, ಕಾಲು ಕುಂಟಿರಬಾರದು, ಹಲ್ಲು ಬಂದಿರಬೇಕು. ಇದಕ್ಕೆ ಯಾರೂ ಅವನನ್ನು ಕರೆಯಬೇಕಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ತಾನೇ ಬಂದ. ಟಗರಿನ ಬಾಯಿ ಬಿಡಿಸಿ ನೋಡಿ ಅಜ್ಜಿಗೆ ಹೇಳಿದ.

"ಎರಡು ಹಲ್ಲು ಬಂದಾವ ಅಕ್ಕಾ. ಚಲೋ ಸಾಕೀ. ನನಗಿಂತ ಚಲೋ ಉಂಡೈತಿ ಇದು."

"ನಿನಗ ಯಾರು ಬ್ಯಾಡ ಅಂದಾರ, ನೀನೂ ಉಣ್ಣು," ಅಂದಳು ಅಜ್ಜಿ. "ಮಂಗಳವಾರ ಹೊತ್ತು ಹುಟ್ಟಾಕ ಬಂದ್ಬಿಡು. ಹಿಂದಕ ಮೊಹರಮ್ಮಿಗೆ ಮಾಡಿದಂಗ ತಡ ಮಾಡಬ್ಯಾಡ."

ಅಣ್ಣ ಅಂಗಳದಲ್ಲೇ ಸೈಕಲ್ಲಿನ ಚೈನು ಹಾಕುತ್ತಿದ್ದ. ತಲೆ ಎತ್ತಲಿಲ್ಲ. "ಬ್ಯಾಡ್ರಿ. ಈ ಸಲ ಬ್ಯಾರೆ ಕಡಿ ಹೇಳೀವಿ," ಅಂದ.

ಮುಲ್ಲಾ ಟಗರಿನ ಕೊರಳ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡ. "ಯಾರಿಗಪ್ಪಾ?"

"ಆರ್.ಎಚ್. ಕ್ಯಾಂಪಿನವರಿಗೆ. ಬಂಗಾಲಿ ಹಿರೇರು ಒಬ್ಬರದಾರ. ಅವರು ನಮ್ಮ ಪೈಕಿನ ದೇವಿ ಭಕ್ತರು. ಒಂದ ಏಟು."

"ನನ್ನ ಹರಕಿಗೆ ನೀ ಹೇಳಿ ಬಂದೀ ಏನಲೇ?" ಅಜ್ಜಿ ಎದ್ದು ನಿಂತಳು.

"ಹರಕಿ ನಿಂದು ಆಯಿ, ದೇವಿ ಎಲ್ಲಾರದು. ನಮ್ಮ ದೇವಿ ಸೀಮ್ಯಾಗ ಅವರ ದೇವರ ಹೆಸರು ಯಾಕ? ನಮಗ ಕೈ ಇಲ್ಲೇನು?"

"ಐತಪ್ಪ ಕೈ. ಆ ಕೈಲೆ ಒಂದು ತಿಗಣಿ ಕೊಂದದ್ದು ಕಂಡಿಲ್ಲ ನಾ."

ಮುಲ್ಲಾ ನಕ್ಕ. ಆಮೇಲೆ ಅಜ್ಜಿಗೆ ಹೇಳಿದ ಮಾತನ್ನು ನಾನು ಅವತ್ತೇ ಬರೆದಿಟ್ಟುಕೊಂಡೆ. "ಮಗ ಮಸ್ಕಿಗೆ ಬಾ ಅಂತ ಎರಡು ವರ್ಷದಿಂದ ಅನ್ನಾಕತ್ಯಾನ ಅಕ್ಕಾ. ಪಂಕ್ಚರ್ ಅಂಗಡಿ ಹಾಕ್ಯಾನ. ಆ ಹರಕಿ ಪರಕಿ ಕೊಯ್ಯೂದು ಬಿಡು ಅಬ್ಬಾ, ಅದು ನಮ್ಮದಲ್ಲ ಅಂತ ಅವನೂ ಜಗಳ ತಗೀತಾನ. ಊರಾಗ ಮೊದಲು ಕೊಯ್ಯೂ ಮರಿ ಯಾವಾಗಲೂ ನಿಮ್ಮ ಮನಿದು. ನೀವು ಕರದ್ರ ನಾಕು ಮನಿ ಕರೀತಾವ ಅಂತ ಕುಂತಿದ್ದೆ. ನೀವೂ ಬಿಟ್ರ ನಾ ಇಲ್ಲಿ ಯಾರಿಗೆ ಮುಲ್ಲಾ? ಹೋಗ್ತೀನಿ, ಸೊಸಿ ಕೈ ರೊಟ್ಟಿ ತಿಂತೀನಿ."

ಅವನು ಹೋದ ಮೇಲೆ ಅಜ್ಜಿ ಅಪ್ಪನಿಗಾಗಿ ಕಾದಳು. ಅಪ್ಪನದು ಸಿಂಧನೂರಿನಲ್ಲಿ ಗೊಬ್ಬರ, ಬೀಜದ ಅಂಗಡಿ. ಸಂಜೆ ಬಂದವನು ಎಲ್ಲ ಕೇಳಿಕೊಂಡು, ಚಪ್ಪಲಿ ಬಿಡುತ್ತ, "ನೋಡೂಣು," ಅಂದ. ಅಪ್ಪ ಹೆದರುಪುಕ್ಕಲನಲ್ಲ. ಅಂಗಡಿಗೆ ಬರುವ ಎಲ್ಲರೂ ಅವನಿಗೆ ಬೇಕು, ಮಗನೂ ಬೇಕು, ಮುಲ್ಲಾನೂ ಬೇಕು.

"ನೋಡೂಣು ನೋಡೂಣು ಅಂತ ನೀ ನೋಡ್ಕೋಂತ ಕುಂತ್ರ ಅವ ಮಸ್ಕಿ ಮುಟ್ಟಿರ್ತಾನ," ಅಂದಳು ಅಜ್ಜಿ. ಆ ರಾತ್ರಿ ಅವಳು ಉಣ್ಣಲಿಲ್ಲ.

ಮಂಗಳವಾರ ಬೆಳಿಗ್ಗೆ ಕ್ಯಾಂಪಿನ ಮುದುಕ ಸೈಕಲ್ ತುಳಿದುಕೊಂಡು ಬಂದ. ಗಡಿಯಾಚೆಯಿಂದ ಓಡಿಬಂದ ಬಂಗಾಲಿ ನಿರಾಶ್ರಿತರಿಗೆ ಸರ್ಕಾರ ಸಿಂಧನೂರಿನ ಹತ್ತಿರ ಹಾಕಿಕೊಟ್ಟ ಕ್ಯಾಂಪು ಅದು. ಗೋಣಿತಟ್ಟಿನಲ್ಲಿ ಸುತ್ತಿದ ಭಾರದ ಕತ್ತಿಯನ್ನು ಹಿಂದಿನ ಸೀಟಿಗೆ ಬಿಗಿದಿದ್ದ. ಬಡಕಲು ಮೈ, ಮೊಳಕಾಲ ತನಕ ಎತ್ತಿ ಕಟ್ಟಿದ ಧೋತರ, ಕಾಲಿಗೆ ಗದ್ದೆಯ ಕೆಸರು ಒಣಗಿತ್ತು. ಅಣ್ಣನ ಗೆಳೆಯರು ಏಳೆಂಟು ಜನ ಬಂದಿದ್ದರು. ಹೊಲದ ಸೀಮೆಯ ಗುಡಿಯ ಹತ್ತಿರ ಓಣಿಯ ಮಂದಿಯೆಲ್ಲ ಸೇರಿತ್ತು. ಅಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ: "ಇವರ ಹೊಲ ಮನಿ ಎಲ್ಲಾ ಕಸಗೊಂಡು ಊರು ಬಿಡಿಸ್ಯಾರ. ಯಾರು ಬಿಡಿಸಿದ್ರು, ನೀವ ಕೇಳ್ರಿ." ಮುದುಕನನ್ನು ಯಾರೂ ಕೇಳಲಿಲ್ಲ. ಅವನು ನೀರು ಕುಡಿಯುತ್ತಿದ್ದ, ಚೊಂಬು ಇಳಿಸಲಿಲ್ಲ.

ಟಗರಿನ ಕೊರಳು ಸಿಗಿಸಲು ಮುದುಕ ಎರಡು ಕವಲಿನ ಗೂಟ ಹುಗಿಸಿದ. ಟಗರಿನ ಹಣೆಗೆ ಕುಂಕುಮವಿಟ್ಟು ತನ್ನ ಭಾಷೆಯಲ್ಲಿ ದೇವಿಯನ್ನು ಕರೆದ. ಒಂದೇ ಏಟು. ಹುಡುಗರು ಜೈಕಾರ ಹಾಕಿದರು. ಕೆಲಸ ಚೊಕ್ಕಟವಾಗಿತ್ತು, ಅದನ್ನು ಇಲ್ಲವೆನ್ನಲಾರೆ.

ಇನ್ನು ಅಡಿಗೆ. ಹರಕೆಯ ಮಾಂಸಕ್ಕೆ ಮನೆಯ ಹಿರಿ ಹೆಂಗಸು ಮೊದಲು ಅರಿಶಿನ ಉಪ್ಪು ಹಚ್ಚಬೇಕು. ಆಮೇಲೆ ಒಲೆಗೆ ಬೆಂಕಿ. ಮಾಂಸದ ಬುಟ್ಟಿಯನ್ನು ತಂದು ಅಜ್ಜಿಯ ಮುಂದಿಟ್ಟರು. ಅವಳು ಬೇವಿನ ಗಿಡದ ಬುಡಕ್ಕೆ ಕಾಲು ಚಾಚಿ ಕೂತಿದ್ದಳು. ಕೈ ಮುಂದೆ ಮಾಡಲಿಲ್ಲ.

"ಇದನ್ನ ಓದಿದವರ್ಯಾರು?"

"ಮಂತ್ರ ಹೇಳ್ಯಾರಲ್ಲ ಆಯಿ, ಕೇಳಿಸಲಿಲ್ಲೇನು?" ಅಣ್ಣ ಅಂದ.

"ಅದು ದೇವಿಗೆ ಹೇಳಿದ್ದು. ನಾ ಕೇಳಾಕತ್ತದ್ದು, ಇದರ ಪಾಪ ಯಾರ ತಲಿ ಮ್ಯಾಲ ಹೋತು?" ಅವಳು ಕ್ಯಾಂಪಿನ ಮುದುಕನ ಕಡೆ ತಿರುಗಿದಳು. "ಏನಪ್ಪಾ, ನೀ ಹೊತ್ಗೊಂಡಿಯೇನು?"

ಅವನಿಗೆ ಮಾತು ತಿಳಿಯಲಿಲ್ಲ. ಅಪ್ಪ ಹಿಂದಿಯಲ್ಲಿ ತಿಳಿಸಿ ಹೇಳಿದ. ಮುದುಕ ಗಾಬರಿಯಿಂದ ಎರಡೂ ಕೈ ಆಡಿಸಿ ಹಿಂದಿಯಲ್ಲಿ ಅಂದದ್ದನ್ನು ಅಪ್ಪ ನಮಗೆ ತಿಳಿಸಿದ. "ಇಲ್ಲಮ್ಮಾ, ಇಲ್ಲ. ನಾನು ಬರೀ ಕಡಿಯೂ ಕೈ. ನಮ್ಮ ಕಡಿ ಹಂಗ ಇಲ್ಲ. ಹರಕಿ ಯಾರದು, ಪುಣ್ಯ ಪಾಪ ಎಲ್ಲಾ ಅವರದು. ಮನಿಯವರದು."

ಹೆಂಗಸರಲ್ಲಿ ಒಬ್ಬಿಬ್ಬರು ಸೆರಗನ್ನು ಬಾಯಿಗೆ ಹಿಡಿದರು. ಅಕ್ಕ ಮಗುವನ್ನು ಎತ್ತಿಕೊಂಡು ಬುಟ್ಟಿಯಿಂದ ದೂರ ಸರಿದು ನಿಂತಳು.

"ಕೇಳಿದ್ಯಾ?" ಅಜ್ಜಿ ಅಣ್ಣನಿಗೆ ಹೇಳಿದಳು. ದನಿ ಏರಲಿಲ್ಲ. "ಕಡಿಯಾಂವನ್ನ ತಂದಿ. ಹೊರಾಂವನ್ನ ತರಲಿಲ್ಲ. ಈಗ ಇದು ಆ ಕೂಸಿನ ಮ್ಯಾಲ ಬಂತು."

ಅಣ್ಣನ ಮುಖ ಬಾಡಿತು. ಅವನು ಚೂರಿಯ ಬಗ್ಗೆ ಯೋಚಿಸಿದ್ದ, ಹೆಸರಿನ ಬಗ್ಗೆ ಯೋಚಿಸಿದ್ದ. ಇದು ಅವನ ತಲೆಯಲ್ಲೇ ಇರಲಿಲ್ಲ. ಕೊನೆಗೆ ಅಪ್ಪನೇ ಎದ್ದ. 'ನೋಡೂಣು' ಅನ್ನದೆ ಅಪ್ಪ ಎದ್ದದ್ದನ್ನು ನಾನು ಆಗಲೇ ಮೊದಲು ಕಂಡೆ. ಹೊಲದ ಬದುವಿನಗುಂಟ ಊರ ಕಡೆ ನಡೆದು ಹೋಗಿ, ಸ್ವಲ್ಪ ಹೊತ್ತಿಗೆ ಮುಲ್ಲಾನನ್ನು ಕರೆದುಕೊಂಡು ಬಂದ.

ಮುಲ್ಲಾ ಗುಡಿಯಿಂದ ಅಷ್ಟು ದೂರದಲ್ಲೇ ನಿಂತ. ಯಾವಾಗಲೂ ಅವನು ನಿಲ್ಲುತ್ತಿದ್ದುದು ಅಲ್ಲೇ. ಬುಟ್ಟಿ ನೋಡಿದ.

"ಇದಕ್ಕ ಓದೋ ತಮ್ಮಾ," ಅಂದಳು ಅಜ್ಜಿ.

"ಆಗೂದಿಲ್ಲಕ್ಕಾ."

"ಸಿಟ್ಟು ಮಾಡಬ್ಯಾಡ. ಹುಡುಗ ತಪ್ಪು ಮಾಡ್ಯಾನ."

"ಸಿಟ್ಟಲ್ಲ. ಉಸರು ಇದ್ದಾಗ ಓದೂದು. ಸತ್ತದ್ದಕ್ಕ ಓದಿದ್ರ ನಡಿಯೂದಿಲ್ಲ."

"ಸುಳ್ಳಾದ್ರೂ ಓದು. ಇವರಿಗೇನು ತಿಳೀತೈತಿ?"

"ಇವರಿಗೆ ತಿಳಿಯೂದಿಲ್ಲ ಖರೆ." ಅವನು ಮೇಲೆ ನೋಡಿದ. "ಓದಿ ಕುತ್ತಿಗಿ ತುಂಡು ತಗೊಂಡು ಹೋದ್ರ ನಾ ಈ ಊರಾಗ ಉಳೀತೀನಿ, ಅದೂ ಖರೆ. ಆದ್ರ ಆಗೂದಿಲ್ಲ."

ಅಣ್ಣನ ಗೆಳೆಯನೊಬ್ಬ ನಕ್ಕ. "ನೋಡ್ರಿ ಅವರ ಧಿಮಾಕ!" ಅಣ್ಣ ಅವನ ತೋಳು ಹಿಡಿದು ಸುಮ್ಮನಿರಿಸಿದ.

ಅಜ್ಜಿ ನನ್ನನ್ನು ಕರೆದಳು. ಮನೆಗೆ ಹೋಗಿ ಮೊಟ್ಟೆಯಿಡುವ ಕರಿ ಹ್ಯಾಟೆಯನ್ನು ತಾ ಅಂದಳು. ನಾನು ಓಡಿದೆ. ಬುಟ್ಟಿಯಡಿ ಮುಚ್ಚಿದ್ದ ಹ್ಯಾಟೆಯನ್ನು ಬಗಲಲ್ಲಿ ಇಟ್ಟುಕೊಂಡು ಬರುವಾಗ, ಇಷ್ಟು ವರ್ಷ ಎಣಿಸಿದ ಕೋಳಿಗಳಲ್ಲಿ ಇದನ್ನು ನಾನೇ ಹೊತ್ತಿದ್ದೇನೆ ಅನ್ನಿಸಿತು. ಮುಲ್ಲಾ ಅದರ ಬಾಯಿಗೆ ನೀರು ಬಿಟ್ಟ, ಅಂಗೈಯಿಂದ ಕಣ್ಣು ಮುಚ್ಚಿದ. ಯಾರೂ ಅವನನ್ನು ತಡೆಯಲಿಲ್ಲ. ಹುಡುಗರಲ್ಲಿ ಕೆಲವರು ಬೇರೆ ಕಡೆ ನೋಡಿದರು. ಅಜ್ಜಿ ಎರಡೂ ಕೈ ನೆಲಕ್ಕೂರಿ ಎದ್ದು, ಅದಕ್ಕೆ ಅರಿಶಿನ ಉಪ್ಪು ಹಚ್ಚಿದಳು.

ಆ ದಿನ ಎರಡು ಗಡಿಗೆಗಳಲ್ಲಿ ಅಡಿಗೆಯಾಯಿತು. ಹೆಂಗಸರು ಮುಟ್ಟದ ಟಗರನ್ನು ಹುಡುಗರೇ ಬೇಯಿಸಿದರು. ತಳ ಹತ್ತಿತು, ಉಪ್ಪು ಹೆಚ್ಚಾಯಿತು. ಆದರೂ ಹೆಚ್ಚು ಮಂದಿ ಉಂಡದ್ದು ಅದನ್ನೇ. ಗಂಡಸರು ಬೆಳಗಿನಿಂದ ಹಸಿದಿದ್ದರು. ನಮ್ಮ ಹ್ಯಾಟೆಯ ಗಡಿಗೆಗೆ ಬಂದವರು ಅಜ್ಜಿ, ಅಕ್ಕ, ನಾನು, ಆಮೇಲೆ ಓಣಿಯ ಆರೇಳು ಹೆಂಗಸರು. ಒಬ್ಬೊಬ್ಬರಿಗೆ ಒಂದೊಂದು ತುಂಡು. ಅಪ್ಪ ಎರಡರಲ್ಲೂ ಉಣ್ಣಲಿಲ್ಲ. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡ.

ಕ್ಯಾಂಪಿನ ಮುದುಕನೂ ಮುಲ್ಲಾನೂ ಬೇವಿನ ಗಿಡದ ನೆರಳಿನ ಒಂದೇ ಅಂಚಿಗೆ ಬಂದು ಕೂತಿದ್ದರು. ಬೇರೆ ಕಡೆ ನೆರಳಿರಲಿಲ್ಲ. ಇಬ್ಬರಿಗೂ ನೀರು ಕೊಡಲು ನಾನು ಹೋದೆ. ಅಣ್ಣ ಮುದುಕನಿಗೆಂದು ಊಟದ ಎಲೆ ಹಿಡಿದು ಬಂದಿದ್ದ. ಮುಲ್ಲಾ ಹಿಂದಿಯಲ್ಲಿ ಕೇಳಿದ, ನಿಮ್ಮೂರಲ್ಲಿ ಬಹಳ ಗದ್ದಲವಾಯಿತೇ ಎಂದು. ಮುದುಕ ಹೌದು ಅಂದ. ಬೆಂಕಿ ಬಿತ್ತು, ಓಡಿಬಂದೆವು ಅಂದ. ಆಮೇಲೆ ತನಗೇ ಹೇಳಿಕೊಂಡಂತೆ ಅಂದ: ಬೆಂಕಿ ಬಹಳ ತಡವಾಗಿ ಬಂತು. ಮೊದಲು ಪಕ್ಕದ ಮನೆಯವರು ನನ್ನ ಅಪ್ಪನನ್ನು ಮದುವೆಗೆ ಕರೆಯುವುದು ಬಿಟ್ಟರು. ಅಪ್ಪ ಆ ಊರಿನ ಮದುವೆಗಳಿಗೆಲ್ಲ ಸಿಹಿ ಮಾಡುತ್ತಿದ್ದ.

ಅಣ್ಣ ಎಲೆಯನ್ನು ಇಟ್ಟು ಹೋದ. ಕೇಳಿಸಿಕೊಂಡನೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ. ಮುದುಕ ತಾನು ಕಡಿದದ್ದನ್ನು ತಾನು ತಿನ್ನುವುದಿಲ್ಲ ಅಂದ. ಅಜ್ಜಿ ಅವನಿಗೆ ನಮ್ಮ ಗಡಿಗೆಯಿಂದ ಬಡಿಸಿದಳು. ಮುಲ್ಲಾನ ಕೈಗೆ ಹ್ಯಾಟೆಯ ಕುತ್ತಿಗೆ ತುಂಡು ಕೊಟ್ಟಳು. ಬೆರಳಿನಷ್ಟಿತ್ತು. "ಸಣ್ಣದಾತು ತಮ್ಮಾ," ಅಂದಳು. "ಪಾಪಾನೂ ಸಣ್ಣದು ತಗೋ ಅಕ್ಕಾ," ಅಂದ ಅವನು.

ಇಷ್ಟೆಲ್ಲ ಆದ ಮೇಲೆ ಮುಲ್ಲಾ ಊರಲ್ಲಿ ಉಳಿದಾನು ಎಂದು ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಮುಂದಿನ ಭಾನುವಾರ ಎರಡು ಕೋಳಿ ಹಾದವು, ಅದರ ಮುಂದಿನ ಭಾನುವಾರ ಒಂದು. ಆಮೇಲೆ ಇಲ್ಲ. ಮುಲ್ಲಾ ಬೇಡ ಎಂದು ಯಾರೂ ಡಂಗುರ ಹೊಡೆಯಲಿಲ್ಲ. ಈ ಕಡೆಯವರ ಜಗಳವೂ ಬೇಡ, ಆ ಕಡೆಯವರ ಜಗಳವೂ ಬೇಡ, ಸಿಂಧನೂರಿನಿಂದ ಕೊಯ್ದ ಕೋಳಿಯೇ ಬರುತ್ತದಲ್ಲ ಅಂದರು. ಆ ಅಂಗಡಿಯ ಹಿಂದೆ ಕೊಯ್ಯುವವನು ಯಾರೆಂದು ಯಾರೂ ಕೇಳಲಿಲ್ಲ. ಅಜ್ಜಿ ಅಂಗಡಿಯ ಕೋಳಿ ಮುಟ್ಟಲಿಲ್ಲ. ಅವಳೊಬ್ಬಳಿಗಾಗಿ ವಾರವಾರ ಕೋಳಿ ಕೊಯ್ಯುವಷ್ಟು ನಮ್ಮ ಮನೆಯಲ್ಲಿ ಕೋಳಿಗಳೂ ಇರಲಿಲ್ಲ.

ಮೊದಲ ಮಳೆ ಬಿದ್ದ ವಾರ ಮುಲ್ಲಾ ಹೊರಟ. ಒಂದು ಟ್ರಂಕು, ಎರಡು ಗಂಟು. ಸಂಜೆಯ ಮಸ್ಕಿ ಬಸ್ಸು ಅರ್ಧ ತಾಸು ತಡವಾಗಿತ್ತು. ಅಜ್ಜಿ ಒಂದು ಮೊರ ಜೋಳವನ್ನು ಬಟ್ಟೆಯಲ್ಲಿ ಕಟ್ಟಿ ಕೊಡಲು ಬಸ್ಸಿನ ಹತ್ತಿರ ಹೋದಳು, ನಾನು ಜೊತೆಗಿದ್ದೆ.

"ಸುಗ್ಗಿ ಇನ್ನೂ ಬಂದಿಲ್ಲಲ್ಲಕ್ಕಾ," ಅಂದ ಅವನು.

"ಸುಗ್ಗಿಗೆ ನೀ ಇರೂದಿಲ್ಲಲ್ಲ."

"ಹರಕಿ ಇದ್ರ ಮಸ್ಕಿಗೆ ಹೇಳಿ ಕಳಸು. ಬರ್ತೀನಿ. ಮಗ ಬೈದ್ರ ಬೈಲಿ."

ಅಜ್ಜಿಯ ಪ್ರಕಾರ ಆ ಹರಕೆ ಇನ್ನೂ ತೀರಿಲ್ಲ. "ಟಗರು ಕೊಡ್ತೀನಿ ಅಂದು ಹ್ಯಾಟಿ ಕೊಟ್ರ ದೇವಿ ಏನು ಕುರುಡಿ ಏನು?" ಅನ್ನುತ್ತಾಳೆ. ಓದದೆ ಕಡಿದ ಟಗರು ಅವಳ ಲೆಕ್ಕಕ್ಕೆ ಬರುವುದೇ ಇಲ್ಲ. ಅಕ್ಕನ ಮಗನಿಗೆ ಈಗ ಮೂರು ತುಂಬಿದೆ, ಗುರುಗುಂಟಾದಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾನೆ. ಅವನಿಗೆ ಒಂದು ದಿನ ಜ್ವರ ಬಂದರೂ ಅಜ್ಜಿ ಇಲ್ಲಿ ಉಣ್ಣುವುದಿಲ್ಲ. ಎರಡು ವರ್ಷದ ಹಿಂದೆ ಇನ್ನೊಂದು ಟಗರಿನ ಮರಿ ತರಿಸಿದಳು. ಅದಕ್ಕೆ ತಾನೇ ಮೇವು ಹಾಕುತ್ತಾಳೆ. ಹಲ್ಲು ಬಂದು ಬಹಳ ದಿನವಾಯಿತು.

ಕಳೆದ ನವೆಂಬರ್ 19, ಭಾನುವಾರ, ಅಣ್ಣನೇ ಬಂದು, "ನಡೀ, ಮಸ್ಕಿಗೆ ಹೋಗಿ ಬರೂಣು," ಅಂದ. ಯಾಕೆಂದು ನಾನು ಕೇಳಲಿಲ್ಲ. ಅವನು ಈಗಲೂ ಆ ಸಂಘಟನೆಯಲ್ಲೇ ಇದ್ದಾನೆ, ಮೊದಲಿಗಿಂತ ದೊಡ್ಡವನಾಗಿದ್ದಾನೆ, ಅವನ ಗಾಡಿಗೆ ಸಣ್ಣ ಧ್ವಜವಿದೆ. ಮಸ್ಕಿಯಲ್ಲಿ ಬಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿಯಿದ್ದ ಜಾಗದಲ್ಲಿ ಎಸ್.ಟಿ.ಡಿ. ಬೂತು ಇತ್ತು. ಪಕ್ಕದ ಚಹಾದಂಗಡಿಯವನು ಅಣ್ಣನ ಗಾಡಿಯ ಧ್ವಜ ನೋಡಿ, "ಅವರು ಯಾಕ ಬೇಕಾಗಿತ್ರಿ?" ಅಂದ.

ಅಣ್ಣ ಗಾಡಿಯ ಇಂಜಿನು ಬಂದ್ ಮಾಡಿದ. "ಮನ್ಯಾಗ ಹಿರೇರು ಕೇಳಾಕತ್ತಾರ," ಅಂದ.

"ಜಾಗ ಬಿಡಿಸಿದ್ರು. ಹೋಗ್ಯಾರ."

"ಎಲ್ಲಿಗೆ?"

"ಗೊತ್ತಿಲ್ರಿ." ಅವನು ಬಟ್ಟಲು ತೊಳೆಯತೊಡಗಿದ.

ನಾನು ಗಾಡಿಯಿಂದ ಇಳಿದು ಹತ್ತಿರ ಹೋಗಿ, ಅಜ್ಜಿ, ಹರಕೆ, ಟಗರು, ಎಲ್ಲ ಹೇಳಿದೆ. ಆಗ ಅವನು ದನಿ ತಗ್ಗಿಸಿ, ಲಿಂಗಸುಗೂರಿನ ಕಡೆ ಹೋದರೆಂದು ಕೇಳಿದ್ದೇನೆ ಅಂದ. ಅಲ್ಲಿಂದ ಹಾಗೇ ಲಿಂಗಸುಗೂರಿಗೆ ಹೋದೆವು. ಟೈರಿನ ಅಂಗಡಿಗಳನ್ನು ಒಂದೊಂದಾಗಿ ಕೇಳಿದೆವು. ಪ್ರತಿ ಕಡೆಯೂ ಮೊದಲು ಗಾಡಿ ನೋಡುತ್ತಿದ್ದರು, ಆಮೇಲೆ ಗೊತ್ತಿಲ್ಲ ಅನ್ನುತ್ತಿದ್ದರು. ನಾಲ್ಕನೆಯ ಅಂಗಡಿಯ ಹೊತ್ತಿಗೆ ಅಣ್ಣ ಗಾಡಿಯನ್ನು ದೂರ ಒಂದು ಹುಣಸೆ ಗಿಡದ ಕೆಳಗೆ ನಿಲ್ಲಿಸಿ ನಡೆದುಕೊಂಡು ಬಂದ. ಆಗಲೂ ಸಿಗಲಿಲ್ಲ.

ತಿರುಗಿ ಬರುವಾಗ ಕಾಲುವೆಯ ಸೇತುವೆ ದಾಟಿದ ಮೇಲೆ ಅವನು ಮಾತಾಡಿದ. "ಆಯಿಗೆ ಏನು ಹೇಳೂದು?"

"ಸಿಗಲಿಲ್ಲ ಅಂತ ಹೇಳೂದು."

"ನೀ ಹೇಳು," ಅಂದ.

ಈಗ ಗಂಟೆ ನಾಲ್ಕೂ ಇಪ್ಪತ್ತು. ಕರೆಂಟು ಬಂದಿದೆ. ಅಜ್ಜಿ ಎದ್ದು ಟಗರಿಗೆ ನೀರು ತೋರಿಸಲು ಹಿತ್ತಲಿಗೆ ಹೋದಳು.

ಓದುವವರಲ್ಲಿ ಒಂದು ಕೇಳಿಕೆ. ಬಿಳಿ ಗಡ್ಡದ, ಎಡಗೈ ಹೆಬ್ಬೆರಳ ತುದಿಯಿಲ್ಲದ, ಎಪ್ಪತ್ತರ ಹತ್ತಿರದ ಮುಲ್ಲಾ ಒಬ್ಬನನ್ನು ಮಸ್ಕಿ, ಲಿಂಗಸುಗೂರು ಅಥವಾ ಅದರಾಚೆ ಎಲ್ಲಾದರೂ ನೀವು ಕಂಡಿದ್ದರೆ, ಪತ್ರಿಕೆಯ ಮೂಲಕ ನನಗೆ ಒಂದು ಕಾರ್ಡು ಬರೆಯಿರಿ. ಕೊಯ್ಯುವ ಮೊದಲು ಕೋಳಿಯ ಬಾಯಿಗೆ ಬೆರಳಿನಿಂದ ನೀರು ಬಿಡುತ್ತಾನೆ, ಕಣ್ಣು ಮುಚ್ಚುತ್ತಾನೆ. ನೀವು ಅವನ ಕಡೆಯವರೇ ಆಗಿದ್ದು, ವಿಳಾಸ ಕೊಡಲು ಅಂಜಿಕೆಯಾದರೆ ಕೊಡಬೇಡಿ. ಇದ್ದಾನೆ ಎಂದಷ್ಟು ಬರೆದರೂ ಸಾಕು. ಟಗರನ್ನು ನಾವೇ ಅವನಿದ್ದಲ್ಲಿಗೆ ಹೊಡೆದುಕೊಂಡು ಬರುತ್ತೇವೆ. ಗಾಡಿ ತರುವುದಿಲ್ಲ.